ವಾಣಿವಿಲಾಸದಿಂದ ಪೋಡಿಗೆ ಎಷ್ಟು ದೂರ?

97. ಮೊದಲು ಈ ಸಂಖ್ಯೆ ನೋಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರು ಹೆರಿಗೆಗಳಲ್ಲಿ 97 ಆಸ್ಪತ್ರೆಯಲ್ಲೇ ಆಗುತ್ತವೆ. 1992-93ರಲ್ಲಿ ಇದೇ ಸಮೀಕ್ಷೆಯ ಮೊದಲ ಸುತ್ತು ನಡೆದಾಗ ಈ ಪ್ರಮಾಣ 40ನ್ನೂ ಮುಟ್ಟಿರಲಿಲ್ಲ. ಮೂವತ್ತು ವರ್ಷದೊಳಗೆ ಇಷ್ಟು ಬದಲಾವಣೆ ಅಂದರೆ ಸಣ್ಣ ಸಾಧನೆ ಅಲ್ಲ. ಯಾವ ಪಕ್ಷದ ಸರಕಾರ ಮಾಡಿತು ಅನ್ನೋ ಜಗಳ ಬೇಡ, ಎಲ್ಲರೂ ಸೇರಿ ಮಾಡಿದ್ದು. ಚಪ್ಪಾಳೆ ತಟ್ಟೋಣ.

ತಟ್ಟಿ ಆಯ್ತಾ? ಈಗ ಉಳಿದ ಮೂರರ ಬಗ್ಗೆ ಮಾತಾಡೋಣ.

ನಾನು ಓದಿದ್ದು ಎಂಜಿನಿಯರಿಂಗ್. ಆ ನಾಲ್ಕು ವರ್ಷದಲ್ಲಿ ಕಲಿತ ಬಹುಪಾಲು ಮರೆತುಹೋಗಿದೆ, ಆದರೆ ಒಂದು ಪಾಠ ಮಾತ್ರ ತಲೆಯಲ್ಲಿ ಕೂತಿದೆ: ಸರಾಸರಿಯನ್ನು ನಂಬಿ ಹೊಳೆ ದಾಟಬೇಡ. ಸರಾಸರಿ ಆಳ ಮೂರು ಅಡಿ ಅಂತ ಬೋರ್ಡ್ ಹಾಕಿರೋ ಹೊಳೆಯಲ್ಲಿ ಆರಡಿ ಮನುಷ್ಯ ಮುಳುಗಿ ಸಾಯಬಹುದು, ಯಾಕಂದರೆ ನಡುವೆ ಹತ್ತಡಿ ಗುಂಡಿ ಇರುತ್ತೆ. ಆ ಮೂರು ಹೆರಿಗೆ ರಾಜ್ಯದ ತುಂಬಾ ಸಮನಾಗಿ ಚದುರಿಲ್ಲ. ಬಸವನಗುಡಿಯಲ್ಲಿ ಮೂರು, ಮಲ್ಲೇಶ್ವರದಲ್ಲಿ ಮೂರು ಅಂತ ಹಂಚಿಹೋಗಿಲ್ಲ. ಅವು ಒಟ್ಟಾಗಿ ಕೆಲವೇ ಜಾಗಗಳಲ್ಲಿ ಕೂತಿವೆ. ಅಂಥ ಜಾಗಗಳಲ್ಲಿ ಕೆಲವು, ಬೆಂಗಳೂರಿನಿಂದ ಕಾರಲ್ಲಿ ಹೊರಟರೆ ಮಧ್ಯಾಹ್ನದ ಊಟದೊಳಗೆ ತಲುಪುವಷ್ಟು ಹತ್ತಿರದಲ್ಲಿವೆ. ಚಾಮರಾಜನಗರ ಜಿಲ್ಲೆಯ ಸೋಲಿಗರ ಪೋಡುಗಳು, ಎಚ್.ಡಿ. ಕೋಟೆಯ ಜೇನುಕುರುಬರ ಹಾಡಿಗಳು.

ಕಾಡಿನ ಹೆಂಗಸರು ಆಸ್ಪತ್ರೆಗೆ ಯಾಕೆ ಬರೋದಿಲ್ಲ ಅಂತ ಕೇಳಿದರೆ ನಮ್ಮ ಪೇಟೆಯ ಕಡೆ ಸಿಗೋ ಉತ್ತರ ಒಂದೇ. "ಅವರಿಗೆ ತಿಳಿವಳಿಕೆ ಇಲ್ಲ, ಮೂಢನಂಬಿಕೆ." ಸರಿ. ಹಾಗಾದರೆ ಒಂದು ಪ್ರಶ್ನೆ. ನಿಮ್ಮ ಮುತ್ತಜ್ಜಿ ಎಲ್ಲಿ ಹೆತ್ತರು?

ಚಾಮರಾಜಪೇಟೆ ಹುಟ್ಟಿದ್ದು 1892ರಲ್ಲಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು, ಹಳೇ ಪೇಟೆಯ ಇಕ್ಕಟ್ಟಿನಿಂದ ಜನ ಹೊರಗೆ ಓಡಿದರು, ಬಸವನಗುಡಿ ಮಲ್ಲೇಶ್ವರಗಳು ಬೆಳೆದವು. ಅಗಲ ರಸ್ತೆ, ಗಾಳಿ ಬೆಳಕಿನ ಮನೆ, ಕಾಂಪೌಂಡು. ಆ ಕಾಲಕ್ಕೆ ಅವು ದೇಶದಲ್ಲೇ ಮಾದರಿ ಬಡಾವಣೆಗಳು. ಆ ಮನೆಗಳಲ್ಲಿ ವಕೀಲರಿದ್ದರು, ಹುಜೂರು ಕಚೇರಿಯ ಅಧಿಕಾರಿಗಳಿದ್ದರು, ಇಂಗ್ಲಿಷ್ ಪತ್ರಿಕೆ ಓದುವವರಿದ್ದರು. ಹೆರಿಗೆ ಮಾತ್ರ ಮನೆಯ ಅತ್ಯಂತ ಕತ್ತಲ ಕೋಣೆಯಲ್ಲಿ. ಕಿಟಕಿ ಮುಚ್ಚಿ, ಕೆಂಡದ ಅಗ್ಗಿಷ್ಟಿಕೆ ಇಟ್ಟು, ಹಳೇ ಬಟ್ಟೆ ಹಾಸಿ. ಹತ್ತು ದಿನ ಪುರುಡು, ಮುಟ್ಟೋ ಹಾಗಿಲ್ಲ. ಬರುತ್ತಿದ್ದವಳು ಸೂಲಗಿತ್ತಿ. ಅವಳನ್ನು ಬೇರೆ ದಿನ ಹಿತ್ತಲ ಬಾಗಿಲಿನಿಂದ ಒಳಗೆ ಬಿಡುತ್ತಿದ್ದರೋ ಇಲ್ಲವೋ, ಆ ರಾತ್ರಿ ಮಾತ್ರ ಮನೆಯ ಸೊಸೆಯ ಪ್ರಾಣ ಅವಳ ಕೈಲಿ.

ನನ್ನ ಅಜ್ಜಿ ಚಾಮರಾಜಪೇಟೆಯ ಅಂಥದ್ದೇ ಒಳಕೋಣೆಯಲ್ಲಿ ಹುಟ್ಟಿದವರು. ನನ್ನ ತಾಯಿ ಹುಟ್ಟಿದ್ದು ಆಸ್ಪತ್ರೆಯಲ್ಲಿ. ಒಂದೇ ತಲೆಮಾರಿನ ಅಂತರ. ಹಳೇ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಕೇಳಿ ನೋಡಿ, ಲೆಕ್ಕ ಹೆಚ್ಚುಕಡಿಮೆ ಹೀಗೇ ಬರುತ್ತೆ. ಹಾಗಾದರೆ ಆ ಒಂದು ತಲೆಮಾರಲ್ಲಿ ಏನಾಯ್ತು? ಜನಕ್ಕೆ ಇದ್ದಕ್ಕಿದ್ದಂತೆ ಬುದ್ಧಿ ಬಂತಾ?

ಇಲ್ಲ ಸ್ವಾಮಿ. ಆಸ್ಪತ್ರೆಗೆ ಬುದ್ಧಿ ಬಂತು.

ಅದು ಹೇಗೆ ಅಂತ ಹೇಳ್ತೀನಿ. 1885ರಲ್ಲಿ ವೈಸರಾಯ್ ಡಫರಿನ್ ಅವರ ಪತ್ನಿ ಭಾರತದ ಹೆಂಗಸರಿಗೆ ಹೆಂಗಸರಿಂದಲೇ ಚಿಕಿತ್ಸೆ ಕೊಡಿಸಬೇಕು ಅಂತ ಒಂದು ನಿಧಿ ಶುರು ಮಾಡಿದರು. ಗಂಡಸು ಡಾಕ್ಟರು ಬಸುರಿ ಹೆಂಗಸನ್ನು ಮುಟ್ಟಿ ನೋಡೋದನ್ನು ಈ ದೇಶದ ಮನೆಗಳು ಒಪ್ಪೋದಿಲ್ಲ ಅನ್ನೋದು ಅವರಿಗೆ ಅರ್ಥವಾಗಿತ್ತು. ಡಫರಿನ್ ಆಸ್ಪತ್ರೆಗಳಲ್ಲಿ ಪರದೆ ಬಂತು, ಜಾತಿಗೆ ತಕ್ಕ ಹಾಗೆ ಬೇರೆ ಬೇರೆ ಅಡುಗೆಯ ಏರ್ಪಾಡು ಬಂತು. ಇವತ್ತಿನ ಕಣ್ಣಲ್ಲಿ ನೋಡಿದರೆ ಜಾತಿಯ ಆ ಏರ್ಪಾಡು ನನಗಂತೂ ಹಿಡಿಸೋದಿಲ್ಲ. ಆದರೆ ಗಮನಿಸಿ, ಮೇಲ್ಜಾತಿಯ ಹೆಂಗಸು ತನ್ನ ಆಚಾರ ಬಿಟ್ಟು ಬರಲಿ ಅಂತ ಆಸ್ಪತ್ರೆ ಹಟ ಹಿಡಿಯಲಿಲ್ಲ. ತಾನೇ ಬಾಗಿತು. 1903ರಲ್ಲಿ ಲೇಡಿ ಕರ್ಜನ್ ಸೂಲಗಿತ್ತಿಯರಿಗೆ ತರಬೇತಿ ಕೊಡೋದಕ್ಕೆ ಅಂತಲೇ ಇನ್ನೊಂದು ನಿಧಿ ಸ್ಥಾಪಿಸಿದರು. ಅಲ್ಲಿ ಸೂಲಗಿತ್ತಿಯನ್ನು ಕೊಳಕಿ, ಅಜ್ಞಾನಿ ಅಂತ ಬೈದ ಬರಹಗಳೂ ಬೇಕಾದಷ್ಟಿವೆ. ಬೈದರೂ ಅವಳನ್ನು ಕರೆದು ಕೂರಿಸಿ ಕಲಿಸೋ ಪ್ರಯತ್ನ ನಡೆಯಿತು ಅನ್ನೋದೂ ನಿಜ.

ಮೈಸೂರು ಸಂಸ್ಥಾನ ಇದನ್ನು ಇನ್ನೂ ಮುಂದಕ್ಕೆ ಒಯ್ದಿತು. ವಿಕ್ಟೋರಿಯಾ ಆಸ್ಪತ್ರೆಗೆ 1897ರಲ್ಲಿ ಅಡಿಗಲ್ಲು ಹಾಕಿದವರು ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನ. ಮಗ ಇನ್ನೂ ಹುಡುಗ, ಗಂಡ ತೀರಿಹೋಗಿದ್ದಾರೆ, ರಾಜ್ಯದ ಭಾರ ಹೆಗಲ ಮೇಲೆ. ಆಕೆ ತೀರಿಕೊಂಡದ್ದು 1934ರಲ್ಲಿ. ಮರುವರ್ಷ, 1935ರಲ್ಲಿ, ಅದೇ ವಿಕ್ಟೋರಿಯಾದ ಪಕ್ಕದಲ್ಲಿ ಹೆಂಗಸರು ಮಕ್ಕಳಿಗೇ ಮೀಸಲಾದ ವಾಣಿವಿಲಾಸ ಆಸ್ಪತ್ರೆ ತೆರೆಯಿತು. ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆಯ ಹೆಸರಲ್ಲಿರೋ 'ಕೆ.ಸಿ.' ಕೂಡ ಅರಮನೆಯ ಹೆಣ್ಣುಮಗಳೇ, ಕೆಂಪು ಚೆಲುವಾಜಮ್ಮಣ್ಣಿ. ಇನ್ನೊಂದು ಸಂಗತಿ ಕೇಳಿದರೆ ನಿಮಗೆ ಆಶ್ಚರ್ಯ ಆಗಬಹುದು. 1930ರಲ್ಲೇ ಮೈಸೂರು ಸರಕಾರ ತನ್ನ ಪ್ರಮುಖ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯೋದಕ್ಕೆ ಆದೇಶ ಹೊರಡಿಸಿತ್ತು. ಯುರೋಪಿನ ಎಷ್ಟೋ ದೇಶಗಳಲ್ಲಿ ಆ ವಿಷಯದ ಬಗ್ಗೆ ಬಾಯಿ ಬಿಡೋದೇ ಕಷ್ಟವಾಗಿದ್ದ ಕಾಲ ಅದು.

ಬರೀ ನಗರಕ್ಕೆ ಮಾಡಿದರು ಅಂದುಕೊಳ್ಳಬೇಡಿ. ರಾಕ್‌ಫೆಲರ್ ಫೌಂಡೇಶನ್ ಜೊತೆ ಸೇರಿ 1930ರ ದಶಕದಲ್ಲಿ ಕ್ಲೋಸ್‌ಪೇಟೆಯಲ್ಲಿ, ಅಂದರೆ ಈಗಿನ ರಾಮನಗರದಲ್ಲಿ, ಹಳ್ಳಿಗಳ ಆರೋಗ್ಯ ಘಟಕ ಶುರುವಾಯಿತು. ಸ್ವತಂತ್ರ ಭಾರತದ ಪ್ರಾಥಮಿಕ ಆರೋಗ್ಯ ಕೇಂದ್ರ ಅನ್ನೋ ಕಲ್ಪನೆಗೆ ಇಂಥ ಘಟಕಗಳೇ ಮಾದರಿ.

ಇಷ್ಟೆಲ್ಲ ಆದ ಮೇಲೂ ಬಸವನಗುಡಿಯ ಮನೆತನಸ್ಥ ಹೆಂಗಸು ಬಿಟ್ಟುಕೊಟ್ಟದ್ದು ಎಷ್ಟು? ಹೆರಿಗೆಯ ಆ ಒಂದು ದಿನ ಮಾತ್ರ. ತವರಿಗೆ ಹೋಗೋದು ಬಿಡಲಿಲ್ಲ. ಬಾಣಂತನ ಬಿಡಲಿಲ್ಲ. ಎಣ್ಣೆ ನೀರು, ಸಾಂಬ್ರಾಣಿ ಹೊಗೆ, ಮೆಣಸಿನ ಸಾರು, ಸಬ್ಬಸಿಗೆ ಸೊಪ್ಪು, ಲೇಹ್ಯ ಯಾವುದನ್ನೂ ಬಿಡಲಿಲ್ಲ. ಇವತ್ತಿಗೂ ಗಾಂಧಿ ಬಜಾರಿನ, ಚಿಕ್ಕಪೇಟೆಯ ಗ್ರಂಥಿಗೆ ಅಂಗಡಿಗೆ ಹೋಗಿ "ಬಾಣಂತಿ ಸಾಮಾನು ಕಟ್ಟಿ" ಅಂದರೆ ಸಾಕು, ಏನೇನು ಬೇಕು ಅಂತ ಅಂಗಡಿಯವರೇ ಹೇಳ್ತಾರೆ. ಸಾಫ್ಟ್‌ವೇರ್ ಕಂಪನಿಯ ಮ್ಯಾನೇಜರು ಸಿಸೇರಿಯನ್ ಮಾಡಿಸಿಕೊಂಡು ಬಂದು ಅಂಟಿನುಂಡೆ ತಿಂತಾಳೆ. ಅದನ್ನು ನಾವು ಸಂಪ್ರದಾಯ ಅಂತೀವಿ. ಪೋಡಿನ ಹೆಂಗಸು ತನ್ನ ಬೇರು ನಾರು ಅರೆದು ಕುಡಿದರೆ ಅದಕ್ಕೆ ನಮ್ಮಲ್ಲಿ ಬೇರೆ ಹೆಸರು.

ಈಗ ಬೆಟ್ಟದ ಕಡೆ ಬರೋಣ. ವಾಣಿವಿಲಾಸ ತೆರೆದ ಆ ಹೊತ್ತಿಗೆ ಸೋಲಿಗರ ಹೆಂಗಸು ಯಾವ ಸರಕಾರದ ಪ್ರಜೆ? ಉತ್ತರ ಅಷ್ಟು ಸುಲಭ ಅಲ್ಲ. ಬಿಳಿಗಿರಿರಂಗನ ಬೆಟ್ಟದ ಬುಡದ ಯಳಂದೂರು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಸಿಕ್ಕಿದ ಜಹಗೀರು. ಅದನ್ನು ಬಿಟ್ಟು ಪೂರ್ವಕ್ಕೆ ಸರಿದರೆ ಕೊಳ್ಳೇಗಾಲ, ಅದರಾಚೆ ಮಲೆ ಮಹದೇಶ್ವರ ಬೆಟ್ಟ. ಅದು ಮೈಸೂರು ಸಂಸ್ಥಾನವೇ ಅಲ್ಲ, ಮದ್ರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆ. 1956ರ ಏಕೀಕರಣದಲ್ಲಿ ಕೊಳ್ಳೇಗಾಲ ನಮ್ಮ ಕಡೆ ಬಂತು. ಆಮೇಲೂ ಅದು ಮೈಸೂರು ಜಿಲ್ಲೆಯ ಒಂದು ಮೂಲೆ. ಚಾಮರಾಜನಗರ ಅನ್ನೋ ಜಿಲ್ಲೆ ಹುಟ್ಟಿದ್ದೇ 1997ರಲ್ಲಿ, ಅಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಬಂದದ್ದು 2016ರಲ್ಲಿ. ಅಂದರೆ ಒಂದೇ ಕಾಡು, ಒಂದೇ ಜನ, ಒಂದೇ ಭಾಷೆ. ಆಳುವವರು ಮಾತ್ರ ಬೇರೆ ಬೇರೆ, ಎಲ್ಲ ಆಳುವವರಿಗೂ ಅದು ಗಡಿ. ಗಡಿಗೆ ಪೊಲೀಸು ಬರ್ತಾರೆ, ಕಂದಾಯದವರು ಬರ್ತಾರೆ, ಡಾಕ್ಟರು ಕೊನೆಗೆ ಬರ್ತಾರೆ.

ಈ ಜನರ ಬಗ್ಗೆ ಬೆಂಗಳೂರಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರು ಎಚ್.ವಿ. ನಂಜುಂಡಯ್ಯ. ಮೈಸೂರಿನ ಬುಡಕಟ್ಟು ಮತ್ತು ಜಾತಿಗಳ ಸಮೀಕ್ಷೆ ಮಾಡಿದವರು ಅವರೇ. ಅವರು ತೀರಿದ ಮೇಲೆ ಎಲ್.ಕೆ. ಅನಂತಕೃಷ್ಣ ಅಯ್ಯರ್ ಸೇರಿ ಅದು 1928ರಿಂದ 1935ರ ನಡುವೆ ನಾಲ್ಕು ಸಂಪುಟಗಳಾಗಿ ಅಚ್ಚಾಯಿತು. ಕಾಕತಾಳೀಯ ನೋಡಿ, ಕೊನೆಯ ಸಂಪುಟ ಮುಗಿದ ವರ್ಷ ಮತ್ತು ವಾಣಿವಿಲಾಸ ತೆರೆದ ವರ್ಷ ಒಂದೇ. ಕಾಡಿನ ಜನ ಪುಸ್ತಕದ ಕಪಾಟಿಗೆ ಬಂದರು, ಹೆರಿಗೆ ವಾರ್ಡಿಗೆ ಬರಲಿಲ್ಲ.

ಮುಂದಿನ ಅಧ್ಯಾಯ ಇನ್ನೂ ವಿಚಿತ್ರ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿತು. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ಅಭಯಾರಣ್ಯ ಆಯ್ತು. ಅದೇ ಕಾಲಕ್ಕೆ ಎಚ್.ಡಿ. ಕೋಟೆಯಲ್ಲಿ ಕಬಿನಿ ಅಣೆಕಟ್ಟು ತುಂಬಿತು. ಹುಲಿ ಉಳಿಯಬೇಕು, ನಾನೂ ಒಪ್ತೀನಿ. ಬೆಂಗಳೂರಿನ ನಮಗೆ ಕುಡಿಯೋ ನೀರು ಬರೋದು ಆ ಕಾಡುಗಳು ಇರೋದರಿಂದಲೇ. ಆದರೆ ಆಗಿದ್ದೇನು? ಕಾಡಿನೊಳಗೆ ಜಾಗ ಬದಲಿಸುತ್ತಾ ರಾಗಿ, ಸಾಮೆ ಬೆಳೆಯುತ್ತಿದ್ದ ಸೋಲಿಗರ ಬೇಸಾಯ ನಿಂತಿತು, ಪೋಡುಗಳನ್ನು ಎತ್ತಿ ರಸ್ತೆ ಬದಿಗೆ ತಂದು ಕೂರಿಸಿದರು. ಬೇಟೆ ನಿಂತಿತು. ತಟ್ಟೆಯಲ್ಲಿದ್ದ ಕಾಳು, ಸೊಪ್ಪು, ಗೆಡ್ಡೆ, ಮಾಂಸ ಎಲ್ಲ ಕಡಿಮೆಯಾಗಿ ರೇಷನ್ ಅಕ್ಕಿ ಬಂತು. ಬಸುರಿಯ ರಕ್ತಹೀನತೆ ಅಂತ ಇವತ್ತು ನಾವು ಕಬ್ಬಿಣದ ಮಾತ್ರೆ ಹಂಚ್ತೀವಲ್ಲ, ಆ ರಕ್ತಹೀನತೆಯ ಒಂದು ಬೇರು ಈ ತಟ್ಟೆಯಲ್ಲಿದೆ ಅನ್ನೋದು ನನ್ನ ಅಭಿಪ್ರಾಯ. ಇತ್ತ ಒಳಗಡೆಯೇ ಉಳಿದ ಊರುಗಳಿಗೆ ರಸ್ತೆ ಕೇಳಿದರೆ ಉತ್ತರ ಸಿದ್ಧ: ಇದು ಅಭಯಾರಣ್ಯ, ರಸ್ತೆ ಆಗಲ್ಲ.

ಇದರ ಮೇಲೆ ವೀರಪ್ಪನ್. ಮಲೆ ಮಹದೇಶ್ವರ ಬೆಟ್ಟದ ಸುತ್ತಿನ ಆ ವರ್ಷಗಳ ಕಥೆ ನಿಮಗೆಲ್ಲ ಗೊತ್ತು, ಕಡೇಪಕ್ಷ ಸಿನಿಮಾದಲ್ಲಿ ನೋಡಿದೀರಿ. ಸಿನಿಮಾದಲ್ಲಿ ಕಾಣದ್ದು ಏನಂದರೆ, ಅತ್ತ ದಂತಚೋರ, ಇತ್ತ ಕಾರ್ಯಪಡೆ, ನಡುವೆ ಸಿಕ್ಕಿಬಿದ್ದವರು ಇದೇ ಕಾಡಿನ ಜನ. ಕಾರ್ಯಪಡೆಯ ದೌರ್ಜನ್ಯದ ದೂರುಗಳನ್ನು ವಿಚಾರಿಸೋದಕ್ಕೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಸದಾಶಿವ ಅವರ ಸಮಿತಿಯನ್ನೇ ನೇಮಿಸಬೇಕಾಯಿತು, ಆಮೇಲೆ ಸಂತ್ರಸ್ತರಿಗೆ ಪರಿಹಾರ ಕೊಡಿ ಅಂತ ಹೇಳಬೇಕಾಯಿತು. 2004ರ ಅಕ್ಟೋಬರಿನಲ್ಲಿ ವೀರಪ್ಪನ್ ಸತ್ತ. ಖಾಕಿ ಕಂಡರೆ ಪೊದೆಗೆ ಓಡಿ ಬೆಳೆದ ಹುಡುಗಿ, ಮರುವರ್ಷ ಸರಕಾರಿ ಜೀಪು ಬಂದು "ಬಾಮ್ಮ, ಆಸ್ಪತ್ರೆಗೆ ಹೋಗೋಣ" ಅಂದರೆ ಹತ್ತುತ್ತಾಳಾ? ನೀವೇ ಹೇಳಿ.

ಹಾಗಂತ ಈ ಕಥೆಯಲ್ಲಿ ಬರೀ ಕತ್ತಲೆ ಇಲ್ಲ. ಬೆಂಗಳೂರು ವೈದ್ಯಕೀಯ ಕಾಲೇಜಿಗೆ ಸೇರಿದ ಹೆರಿಗೆ ಆಸ್ಪತ್ರೆ ಇದೇ ವಾಣಿವಿಲಾಸ. ಕೆ.ಆರ್. ಮಾರುಕಟ್ಟೆಯ ಗದ್ದಲಕ್ಕೆ ಅಂಟಿಕೊಂಡ ಆ ಕಾಲೇಜಿನಿಂದ 1973ರಲ್ಲಿ ಪದವಿ ಪಡೆದು ಹೊರಬಂದ ಯುವಕ ಎಚ್. ಸುದರ್ಶನ್, ಯಮಲೂರಿನ ಹುಡುಗ. ಬಸವನಗುಡಿಯಲ್ಲೋ ಜಯನಗರದಲ್ಲೋ ಬೋರ್ಡು ಹಾಕಿದ್ದರೆ ಇವತ್ತಿಗೆ ನಾಲ್ಕು ಮಹಡಿಯ ನರ್ಸಿಂಗ್ ಹೋಂ ಇರುತ್ತಿತ್ತು. ಅವರು 1979ರ ಹೊತ್ತಿಗೆ ಬಿಳಿಗಿರಿರಂಗನ ಬೆಟ್ಟ ಹತ್ತಿದರು, 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸ್ಥಾಪಿಸಿದರು. 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು, 2000ದಲ್ಲಿ ಪದ್ಮಶ್ರೀ. ಪ್ರಶಸ್ತಿಗಳ ಪಟ್ಟಿ ಬೇಡ. ಅಲ್ಲಿ ನಡೆದ ಮೂರು ಸಂಗತಿ ಮಾತ್ರ ಹೇಳ್ತೀನಿ.

ಸೋಲಿಗರ ರಕ್ತದಲ್ಲಿ ಸಿಕಲ್ ಸೆಲ್ ಅನ್ನೋ ಆನುವಂಶಿಕ ಕಾಯಿಲೆ ಇದೆ ಅನ್ನೋದು ಗೊತ್ತಾಗಿ, ಅದಕ್ಕೆ ಚಿಕಿತ್ಸೆ ಶುರುವಾದದ್ದು ಈ ಬೆಟ್ಟದ ಆಸ್ಪತ್ರೆಯಲ್ಲಿ. ಸಿಕಲ್ ಸೆಲ್ ಇರೋ ಹೆಂಗಸಿಗೆ ಬಸಿರು ಅಂದರೆ ಕತ್ತಿಯ ಅಂಚಿನ ನಡಿಗೆ. ಬರೀ ರಕ್ತಹೀನತೆ ಅಂದುಕೊಂಡು ಮಾತ್ರೆ ಕೊಟ್ಟು ಕಳಿಸಿದರೆ ತಾಯಿ ಹೋಗಬಹುದು. ಕೇಂದ್ರ ಸರಕಾರ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನಕ್ಕೆ ಚಾಲನೆ ಕೊಟ್ಟದ್ದು 2023ರ ಜುಲೈ 1ರಂದು. ಬೆಟ್ಟದ ಮೇಲಿನ ಸಣ್ಣ ಆಸ್ಪತ್ರೆಗೆ ಅದು ದಶಕಗಳ ಮುಂಚೆಯೇ ಗೊತ್ತಿತ್ತು.

ಎರಡನೆಯದು ನನಗೆ ತುಂಬಾ ಇಷ್ಟವಾದದ್ದು. ಸೋಲಿಗರ ಹೆಂಗಸರು ಕುಕ್ಕರಗಾಲಲ್ಲಿ ಕೂತು ಹೆರುತ್ತಿದ್ದರು. ವೈದ್ಯಕೀಯ ಕಾಲೇಜು ಕಲಿಸೋದು ಅಂಗಾತ ಮಲಗಿಸು ಅಂತ. ಭೌತಶಾಸ್ತ್ರದ ಪ್ರಕಾರ ಯಾವುದು ಸರಿ? ಗುರುತ್ವಾಕರ್ಷಣೆ ಕೆಳಮುಖ, ಮಗು ಬರಬೇಕಾದ ದಾರಿಯೂ ಕೆಳಮುಖ. ಬೆಟ್ಟದ ಡಾಕ್ಟರು ಅವರನ್ನು ತಿದ್ದಲು ಹೋಗದೆ ಅವರಿಂದ ಕಲಿತರು. ವಿಶ್ವ ಆರೋಗ್ಯ ಸಂಸ್ಥೆ 2018ರ ತನ್ನ ಹೆರಿಗೆ ಮಾರ್ಗಸೂಚಿಯಲ್ಲಿ, ಕೂತೋ ನಿಂತೋ ಯಾವ ಭಂಗಿ ಬೇಕೋ ಅದನ್ನು ಹೆರುವವಳೇ ಆರಿಸಿಕೊಳ್ಳಲಿ ಅಂತ ಹೇಳಿತು. ಜಿನೀವಾಗೆ ತಲುಪೋದಕ್ಕೆ ಅಷ್ಟು ವರ್ಷ ಬೇಕಾಯಿತು.

ಮೂರನೆಯದು, ಬುಡಕಟ್ಟಿನ ಹುಡುಗಿಯರನ್ನೇ ಎಎನ್‌ಎಂ ತರಬೇತಿ ಕೊಟ್ಟು ದಾದಿಯರನ್ನಾಗಿ ಮಾಡಿದ್ದು. ಡಫರಿನ್ ನಿಧಿಯ ಪಾಠವೇ ಇದು ಅಲ್ವಾ? ಹೆಂಗಸಿಗೆ ಹೆಂಗಸು ಬೇಕು ಅಂತ 1885ರಲ್ಲಿ ಅರ್ಥವಾಗಿತ್ತು. ಸೋಲಿಗಳಿಗೆ ಸೋಲಿಗಳೇ ಬೇಕು, ಅವಳ ಭಾಷೆಯಲ್ಲಿ ಮಾತಾಡೋ, ಅವಳ ಕುಲ ಗೊತ್ತಿರೋ ದಾದಿ ಬೇಕು ಅನ್ನೋದು ಅರ್ಥವಾಗೋದಕ್ಕೆ ಮತ್ತೊಂದು ನೂರು ವರ್ಷ. ಅತ್ತ ಎಚ್.ಡಿ. ಕೋಟೆಯಲ್ಲಿ 1984ರಲ್ಲಿ ಡಾ. ಆರ್. ಬಾಲಸುಬ್ರಹ್ಮಣ್ಯಂ ಮತ್ತು ಮೈಸೂರು ವೈದ್ಯಕೀಯ ಕಾಲೇಜಿನ ಗೆಳೆಯರು ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್, ಕೆಂಚನಹಳ್ಳಿ ಮತ್ತು ಸರಗೂರಿನ ಆಸ್ಪತ್ರೆಗಳ ಮೂಲಕ ಜೇನುಕುರುಬರ, ಕಾಡುಕುರುಬರ ಹಾಡಿಗಳಿಗೆ ಹೀಗೇ ಹೋಯಿತು.

ಆದರೆ ಇವೆಲ್ಲ ಸಂಸ್ಥೆಗಳು. ರಾಜ್ಯದಲ್ಲಿ 2011ರ ಜನಗಣತಿಯಂತೆ ಪರಿಶಿಷ್ಟ ಪಂಗಡದವರು 42 ಲಕ್ಷಕ್ಕೂ ಹೆಚ್ಚು. ಜೇನುಕುರುಬರೇ ಸುಮಾರು 36 ಸಾವಿರ, ಸೋಲಿಗರೂ ಹೆಚ್ಚುಕಡಿಮೆ ಅಷ್ಟೇ. ಒಬ್ಬ ಸುದರ್ಶನ್, ಒಬ್ಬ ಬಾಲು ಎಷ್ಟು ಬೆಟ್ಟ ಹತ್ತುತ್ತಾರೆ?

ಸರಕಾರ 2005ರಲ್ಲಿ ಜನನಿ ಸುರಕ್ಷಾ ತಂದಿತು. ನಮ್ಮ ರಾಜ್ಯದ ಬಡ ಹೆಂಗಸು ಹಳ್ಳಿಯಿಂದ ಬಂದು ಆಸ್ಪತ್ರೆಯಲ್ಲಿ ಹೆತ್ತರೆ 700 ರೂಪಾಯಿ. 2008ರ ನವೆಂಬರ್ 1ರಂದು 108 ಆಂಬ್ಯುಲೆನ್ಸ್ ಬಂತು. ಮಡಿಲು ಕಿಟ್ ಬಂತು, ತಾಯಿ ಭಾಗ್ಯ ಬಂತು, ತಾಯಿ ಕಾರ್ಡ್ ಬಂತು. ಬಯಲಿನ ಹಳ್ಳಿಗಳಲ್ಲಿ ಇವು ಪವಾಡ ಮಾಡಿದವು. 2004-06ರಲ್ಲಿ ಲಕ್ಷ ಹೆರಿಗೆಗೆ 213 ತಾಯಂದಿರು ಸಾಯುತ್ತಿದ್ದ ರಾಜ್ಯದಲ್ಲಿ 2018-20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. ಪಕ್ಕದ ಕೇರಳ ಆ ಹೊತ್ತಿಗೆ 19ರಲ್ಲಿತ್ತು, ಅದನ್ನೂ ನೆನಪಿಡಿ. ಆದರೆ 108ಕ್ಕೆ ಫೋನ್ ಮಾಡೋದಕ್ಕೆ ಸಿಗ್ನಲ್ ಬೇಕು, ಅದು ಬರೋದಕ್ಕೆ ರಸ್ತೆ ಬೇಕು. ಕಾರ್ಡ್ ಇಲ್ಲದಿದ್ದರೆ ಏನಾಗುತ್ತೆ ಅನ್ನೋದಕ್ಕೆ ಕಾಡಿಗೇ ಹೋಗಬೇಕಿಲ್ಲ. 2022ರ ನವೆಂಬರಿನಲ್ಲಿ ತುಮಕೂರು ನಗರದಲ್ಲೇ, ತಾಯಿ ಕಾರ್ಡ್ ಇಲ್ಲ, ಆಧಾರ್ ಇಲ್ಲ ಅಂತ ವಾಪಸ್ ಕಳಿಸಿದರು ಅನ್ನೋ ಆರೋಪದ ಪ್ರಕರಣದಲ್ಲಿ ಒಬ್ಬ ಬಡ ತಾಯಿ ಮನೆಯಲ್ಲೇ ಹೆತ್ತು ಅವಳಿ ಮಕ್ಕಳ ಸಮೇತ ಸತ್ತಳು. ಸಿಬ್ಬಂದಿ ಅಮಾನತಾದರು. ಆಸ್ಪತ್ರೆ ಇದ್ದ ಊರಲ್ಲೇ ಹೀಗೆ.

1994ರಲ್ಲಿ ಸೆರೀನ್ ಥಡಿಯಸ್, ಡೆಬೊರಾ ಮೇನ್ ಅನ್ನೋ ಇಬ್ಬರು ಸಂಶೋಧಕಿಯರು ತಾಯಂದಿರ ಸಾವನ್ನು ಎಂಜಿನಿಯರ್ ಒಬ್ಬ ಯಂತ್ರದ ದೋಷ ಹುಡುಕೋ ಹಾಗೆ ಬಿಡಿಸಿ ನೋಡಿದರು. ಮೂರು ತಡ ಅಂದರು. ಹೋಗಬೇಕು ಅಂತ ನಿರ್ಧರಿಸೋದರಲ್ಲಿ ತಡ, ದಾರಿಯಲ್ಲಿ ತಡ, ತಲುಪಿದ ಮೇಲೆ ಚಿಕಿತ್ಸೆ ಸಿಗೋದರಲ್ಲಿ ತಡ. ಹೆರಿಗೆಯ ನಂತರ ರಕ್ತಸ್ರಾವ ಶುರುವಾದರೆ ಕೆಲವೊಮ್ಮೆ ಎರಡು ಗಂಟೆಯೊಳಗೆ ತಾಯಿ ಹೋಗಿಬಿಡ್ತಾಳೆ. ನಾವು ಯೋಜನೆಗಳನ್ನೆಲ್ಲ ಸುರಿದದ್ದು ಮೊದಲ ತಡಕ್ಕೆ, ಅಂದರೆ ಅವಳ ಮನಸ್ಸು ಬದಲಿಸೋದಕ್ಕೆ. ಅವಳ ಮನಸ್ಸು ಎಂದೋ ಬದಲಾಗಿದೆ. 2022ರಲ್ಲಿ ಮಲೆ ಮಹದೇಶ್ವರ ಬೆಟ್ಟದ ಕಾಡಿನೊಳಗಿನ ದೊಡ್ಡಾಣೆಯಿಂದ ಹೆರಿಗೆ ನೋವು ಬಂದ ಹೆಂಗಸನ್ನು ಡೋಲಿ ಕಟ್ಟಿ, ರಾತ್ರಿಯಲ್ಲಿ, ಆನೆ ಓಡಾಡೋ ಕಾಡಿನಲ್ಲಿ ಮೈಲಿಗಟ್ಟಲೆ ಹೊತ್ತು ತಂದವರು ಊರಿನ ಹೆಂಗಸರು. ಆ ದೃಶ್ಯ ಟಿವಿಯಲ್ಲಿ ಬಂತು. ಆಸ್ಪತ್ರೆ ಬೇಡ ಅನ್ನೋರು ಹಾಗೆ ಹೊರ್ತಾರಾ? ಆಮೇಲೆ ಅರಣ್ಯ ಇಲಾಖೆ ಕೆಲವು ಊರುಗಳಿಗೆ 'ಜನ-ವನ ಸಾರಿಗೆ' ಅಂತ ಜೀಪು ಬಿಟ್ಟಿತು. ಒಳ್ಳೆಯದೇ. ಆದರೆ ಅದೇ ಬೆಟ್ಟದ ಇಂಡಿಗನತ್ತದಲ್ಲಿ 2024ರ ಏಪ್ರಿಲ್ 26ರಂದು, ಲೋಕಸಭೆ ಚುನಾವಣೆಯ ದಿನ, ಸೌಕರ್ಯ ಕೊಡದಿದ್ದರೆ ಮತ ಇಲ್ಲ ಅಂತ ಶುರುವಾದ ಬಹಿಷ್ಕಾರ ಗಲಾಟೆಯಾಗಿ ಮತಯಂತ್ರ ಪುಡಿಯಾಯಿತು. ಯಂತ್ರ ಒಡೆದದ್ದು ತಪ್ಪು, ಕೇಸೂ ಆಯ್ತು. ಮೂರೇ ದಿನದಲ್ಲಿ, 29ರಂದು, ಮರು ಮತದಾನ ನಡೆಯಿತು. ಅಧಿಕಾರಿಗಳು, ಪೊಲೀಸರು, ಹೊಸ ಯಂತ್ರ, ಎಲ್ಲ ಆ ಊರಿಗೆ ತಲುಪಿದವು. ಮತಗಟ್ಟೆಗೆ ದಾರಿ ಸಿಗುತ್ತೆ ನೋಡಿ.

ಇಲ್ಲಿ ಕೆಲವರು ಕೇಳ್ತಾರೆ, ಪ್ರತಿ ಪೋಡಿಗೂ ಆಸ್ಪತ್ರೆ ಕಟ್ಟೋದಕ್ಕಾಗುತ್ತಾ ಅಂತ. ಆಗಲ್ಲ. ಕಟ್ಟಬೇಕಾಗಿಯೂ ಇಲ್ಲ. ಉತ್ತರ ಕೆನಡಾದ ನುನಾವಿಕ್ ಅನ್ನೋ ಹಿಮದ ನಾಡಿನಲ್ಲಿ ಇನ್ಯುಯಿಟ್ ಹೆಂಗಸರನ್ನು ಹೆರಿಗೆಗೆ ವಿಮಾನದಲ್ಲಿ ದಕ್ಷಿಣದ ನಗರಗಳಿಗೆ ಒಯ್ಯುತ್ತಿದ್ದರು. ವಾರಗಟ್ಟಲೆ ಒಂಟಿಯಾಗಿ, ಭಾಷೆ ಬಾರದ ಊರಲ್ಲಿ. ಆ ಹೆಂಗಸರೇ ತಿರುಗಿಬಿದ್ದರು. 1986ರಲ್ಲಿ ಪುವಿರ್ನಿಟುಕ್ ಅನ್ನೋ ಊರಲ್ಲಿ ಹೆರಿಗೆ ಕೇಂದ್ರ ತೆರೆದು, ತಮ್ಮ ಹುಡುಗಿಯರನ್ನೇ ಸೂಲಗಿತ್ತಿಯರಾಗಿ ತರಬೇತು ಮಾಡಿಕೊಂಡರು. ಅಪಾಯದ ಹೆರಿಗೆ ಮಾತ್ರ ದಕ್ಷಿಣಕ್ಕೆ. ಕ್ಯೂಬಾ 1962ರಿಂದಲೇ ಇನ್ನೊಂದು ದಾರಿ ಹಿಡಿಯಿತು: ಆಸ್ಪತ್ರೆಯ ಪಕ್ಕ ಒಂದು ಮನೆ, ದೂರದ ಹೆಂಗಸು ದಿನ ತುಂಬುವ ಮುಂಚೆಯೇ ಬಂದು ಅಲ್ಲಿರಬಹುದು. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಸರಕಾರಿ ತವರುಮನೆ.

ದೂರದ ಉದಾಹರಣೆ ಬೇಡ ಅನ್ನೋರಿಗೆ ಬೆಳಗಾವಿ ಇದೆ. ಅಲ್ಲಿನ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಪ್ರಯೋಗ ಮಾಡಿದರು. ರಕ್ತಸ್ರಾವ ತಡೆಯೋ ಆಕ್ಸಿಟೋಸಿನ್ ಚುಚ್ಚುಮದ್ದಿಗೆ ಫ್ರಿಜ್ ಬೇಕು. ಮಿಸೊಪ್ರೊಸ್ಟಾಲ್ ಅನ್ನೋ ಮಾತ್ರೆಗೆ ಬೇಡ. ಎಎನ್‌ಎಂಗಳ ಕೈಗೆ ಆ ಮಾತ್ರೆ ಕೊಟ್ಟು, ಡಾಕ್ಟರಿಲ್ಲದ ಕಡೆ, ಮನೆಗಳಲ್ಲೂ ಉಪಕೇಂದ್ರಗಳಲ್ಲೂ ಹೆತ್ತ 1,620 ಹೆಂಗಸರಲ್ಲಿ ಪರೀಕ್ಷಿಸಿದರು, ಅರ್ಧ ಜನಕ್ಕೆ ನಿಜವಾದ ಮಾತ್ರೆ, ಅರ್ಧ ಜನಕ್ಕೆ ಔಷಧವಿಲ್ಲದ್ದು. ಅತಿ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದು ಅಚ್ಚಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ರಕ್ತಸ್ರಾವ ತಡೆಗೆ ಆ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಆಫ್ರಿಕಾದ ಹಳ್ಳಿಗಳಲ್ಲಿ ತಾಯಂದಿರನ್ನು ಉಳಿಸೋ ವಿದ್ಯೆಯಲ್ಲಿ ನಮ್ಮ ಬೆಳಗಾವಿಯ ಪಾಲಿದೆ. ಇದನ್ನು ನಮ್ಮ ಎಷ್ಟು ಜನ ಹೆಮ್ಮೆಯಿಂದ ಹೇಳಿಕೊಂಡಿದ್ದೀವಿ?

ಪಾವಗಡದ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಕೊಟ್ಟೆವು. 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ತಾಯಿ, ಅಜ್ಜಿಯಿಂದ ಕಲಿತ ವಿದ್ಯೆ. ಅದೇ ಡಿಸೆಂಬರ್ 25ರಂದು ತೀರಿಕೊಂಡರು. ಅದೇ ತಿಂಗಳು ಕೇಂದ್ರ ಸರಕಾರ ಸೂಲಗಿತ್ತಿ ವೃತ್ತಿಯನ್ನು ಹೊಸ ರೂಪದಲ್ಲಿ, ತರಬೇತಿ ಪಡೆದ ನರ್ಸುಗಳ ಮೂಲಕ ಕಟ್ಟೋ ಮಾರ್ಗಸೂಚಿ ಹೊರಡಿಸಿತು. ಆ ನರ್ಸುಗಳಲ್ಲಿ ಪೋಡಿನ ಹುಡುಗಿ ಎಷ್ಟು, ಹಾಡಿಯ ಹುಡುಗಿ ಎಷ್ಟು ಅನ್ನೋದನ್ನು ಆರೋಗ್ಯ ಸಚಿವರಾದವರು ಸದನದಲ್ಲಿ ಹೇಳಲಿ.

ಉಳಿದದ್ದು ರಸ್ತೆ. ಅರಣ್ಯ ಕಾನೂನು ಬಿಡಲ್ಲ ಅಂತ ಇನ್ನೂ ಹೇಳ್ತಾರಲ್ಲ, ಅವರಿಗಾಗಿ ಒಂದು ಕಾನೂನು ಓದಿ ಹೇಳ್ತೀನಿ. 2006ರ ಅರಣ್ಯ ಹಕ್ಕು ಕಾಯ್ದೆ. 2011ರಲ್ಲಿ, ಬಿಳಿಗಿರಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾದ ಅದೇ ವರ್ಷ, ಸೋಲಿಗರು ಹುಲಿ ಕಾಡಿನೊಳಗೇ ಸಮುದಾಯದ ಹಕ್ಕುಪತ್ರ ಪಡೆದದ್ದು ಇದೇ ಕಾಯ್ದೆಯಡಿ, ದೇಶಕ್ಕೇ ಮೊದಲಿಗರಾಗಿ. ಅದರ ಮೂರನೇ ಸೆಕ್ಷನ್, ಎರಡನೇ ಉಪವಿಧಿ. ಹದಿಮೂರು ಸೌಕರ್ಯಗಳಿಗೆ ಅರಣ್ಯ ಭೂಮಿ ಕೊಡಬಹುದು. ಪ್ರತಿಯೊಂದಕ್ಕೂ ಒಂದು ಹೆಕ್ಟೇರಿನೊಳಗೆ, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯದಂತೆ. ಪಟ್ಟಿಯಲ್ಲಿ ಮೊದಲನೆಯದು ಶಾಲೆ, ಎರಡನೆಯದು ಆಸ್ಪತ್ರೆ, ಮೂರನೆಯದು ಅಂಗನವಾಡಿ, ಐದನೆಯದು ಕರೆಂಟು ಮತ್ತು ಫೋನಿನ ತಂತಿ, ಹನ್ನೆರಡನೆಯದು ರಸ್ತೆ. ಶಿಫಾರಸು ಮಾಡಬೇಕಾದ್ದು ಗ್ರಾಮಸಭೆ. ಒಪ್ಪಿಗೆಗೆ ದೆಹಲಿಗೆ ಹೋಗಬೇಕಿಲ್ಲ, ಬೆಂಗಳೂರಿಗೂ ಬರಬೇಕಿಲ್ಲ. ಸಹಿ ಹಾಕೋ ಅಧಿಕಾರ ಇರೋದು ವಿಭಾಗೀಯ ಅರಣ್ಯಾಧಿಕಾರಿಗೆ.